ಗುಡ್ಡದ ಮೇಲಿನ ದೊಡ್ಡ ದನಿಯವರಿಗೆ

ಮಾನ್ಯರೇ,

ಗುಡ್ಡದ ನೆತ್ತಿಯ ಮೇಲೆ ಕಬ್ಬಿಣದ ಗೋಪುರ ನಿಲ್ಲಿಸಿ, ಅದರ ತುದಿಗೆ ಮನೆಯಗಲದ ಆಂಟೆನಾ ಏರಿಸಿ, ಹ್ಯಾಮ್ ರೇಡಿಯೋ ಸ್ಪರ್ಧೆ ಬಂತೆಂದರೆ ಭೂಮಿಯ ಆಚೆ ಮಗ್ಗುಲಲ್ಲಿ ಮಲಗಿದವರನ್ನೂ ಎಬ್ಬಿಸಿ ಕೂರಿಸುವ ತಮ್ಮ ಘನ ಕಂಠಕ್ಕೆ, ಅದೇ ಗುಡ್ಡದ ಬುಡದ ಹಳೆಯ ಕಟ್ಟಡವೊಂದರ ತಾರಸಿಯಲ್ಲಿ ಒಂದೆಳೆ ತಂತಿ ಕಟ್ಟಿಕೊಂಡಿರುವ ಬಡ ಹವ್ಯಾಸಿಯ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರ ಮುಟ್ಟಿತೆಂದು ತಾವು ತಿಳಿಸಬೇಕಾಗಿಲ್ಲ. ನಮ್ಮ ಕಡೆಯಿಂದ ಹೊರಟದ್ದು ಯಾವುದೂ ತಮಗೆ ಮುಟ್ಟುವುದಿಲ್ಲವೆಂದು ಅರಿತೇ ಪತ್ರಿಕೆಯವರ ಕಾಲು ಹಿಡಿದಿದ್ದೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಇದು ಬರೀ ಕೂಗುವವರ ಪಂದ್ಯವಲ್ಲ. ಒಬ್ಬರು ಕರೆಯಬೇಕು, ಇನ್ನೊಬ್ಬರು ಓಗೊಡಬೇಕು, ಲೈಸೆನ್ಸಿನ ಜೊತೆ ಸರ್ಕಾರ ಕೊಟ್ಟ ಅಕ್ಷರ-ಅಂಕಿಗಳ ಗುರುತು, ಇವರದು ಅವರಿಗೂ ಅವರದು ಇವರಿಗೂ, ಕೇಳಿಸಬೇಕು. ಆಗಲೇ ಒಂದು ಅಂಕ. ಅರಮನೆಯಿಂದ ಮಾತಾಡಿದರೂ ಒಂದೇ, ಹಟ್ಟಿಯಿಂದ ಮಾತಾಡಿದರೂ ಒಂದೇ. ಇಷ್ಟು ಸಮಾನತೆ ಮನುಷ್ಯರ ಬೇರೆ ಯಾವ ವ್ಯವಹಾರದಲ್ಲಿಯೂ ನನಗೆ ಕಂಡಿಲ್ಲವಾದ್ದರಿಂದಲೇ ನಾನು ಈ ಹುಚ್ಚಿಗೆ ಬಿದ್ದದ್ದು.

ತಾವೋ ಯಂತ್ರದೊಳಗೆ ಸ್ವಂತ ದನಿ ತುಂಬಿಸಿಟ್ಟಿದ್ದೀರಿ. ಗುಂಡಿ ಒತ್ತಿದರೆ ಅದು ಕರೆಯುತ್ತದೆ, ಕಣ್ಣು ಪಿಳುಕಿಸುವಷ್ಟು ಹೊತ್ತು ಸುಮ್ಮನಾಗುತ್ತದೆ, ಮತ್ತೆ ಕರೆಯುತ್ತದೆ. ಆ ಪಿಳುಕಿನೊಳಗೆ ನಾನು ನನ್ನ ಗುರುತನ್ನು ಅಕ್ಷರ ಬಿಡಿಸಿ ಹೇಳಬೇಕು. ಕೊನೆಯ ಅಕ್ಷರ ಬಾಯಲ್ಲಿರುವಾಗಲೇ ತಮ್ಮ ಯಂತ್ರ ನನ್ನ ನೆತ್ತಿಯ ಮೇಲೆ ಹಾದುಹೋಗಿರುತ್ತದೆ. ನಾನು ಬಸ್ ಕಂಡಕ್ಟರ್, ಸ್ವಾಮೀ. ಹಿಂದಿನ ಸೀಟಿನ ಅಜ್ಜಿ ಕೆಮ್ಮಿದರೂ ಇಳಿಯಬೇಕೆಂದು ಕೆಮ್ಮಿದರೋ ಸುಮ್ಮನೆ ಕೆಮ್ಮಿದರೋ ಎಂದು ತಿಳಿಯದೆ ನಾನು ಸೀಟಿ ಊದುವುದಿಲ್ಲ. ತಾವು ಕಂಡಕ್ಟರಾಗಿದ್ದರೆ ಒಬ್ಬರನ್ನೂ ಹತ್ತಿಸದೆ, ಒಬ್ಬರನ್ನೂ ಇಳಿಸದೆ, ನಿಲ್ದಾಣದ ಹೆಸರುಗಳನ್ನು ಮಾತ್ರ ಅದ್ಭುತವಾಗಿ ಕೂಗುತ್ತಾ ಊರು ದಾಟಿರುತ್ತಿದ್ದಿರಿ.

ಹೀಗೆಂದು ತಮ್ಮ ಕಂಠವನ್ನು ಹೀಗಳೆದೆನೆಂದು ತಿಳಿಯಬಾರದು. ಅದರ ಮಹಿಮೆಗೆ ನಮ್ಮ ಕೆಳಗಿನ ಮನೆಯ ದರ್ಜಿಯಣ್ಣನೇ ಸಾಕ್ಷಿ. ಅವರು ಹಾಡು ಕೇಳಲು ಇಟ್ಟುಕೊಂಡ ಸ್ಪೀಕರಿನಲ್ಲಿ ಸ್ಪರ್ಧೆಯ ಮೊದಲ ದಿನ ತಮ್ಮ ದನಿ, ಹೂಜಿಯೊಳಗೆ ತಲೆಯಿಟ್ಟು ಭಾಷಣ ಮಾಡಿದಂತೆ, ಪ್ರತ್ಯಕ್ಷವಾಯಿತು. ಅಳತೆ ಕೊಡಲು ಕೈ ಎತ್ತಿ ನಿಂತಿದ್ದ ಗಿರಾಕಿ ಕೈ ಎತ್ತಿದಂತೆಯೇ ಬೀದಿಗೆ ಓಡಿದರು. ಕಟ್ಟಡದಲ್ಲಿ ರೇಡಿಯೋ ಇರುವುದು ನನ್ನೊಬ್ಬಳದೇ. ಆದ್ದರಿಂದ ಕಳ್ಳಿ ನಾನೇ. ಆ ಗಂಡಸಿನ ದನಿ ನನ್ನದಲ್ಲ ಎಂದೆ. ಕರೆಸಿಕೊಳ್ಳುವವಳು ನೀನೇ ತಾನೇ ಎಂದರು. ಭಾನುವಾರ ಮಧ್ಯಾಹ್ನದೊಳಗೆ ಆ ಮಹಾನುಭಾವರೇ ಬಾಯಿಬಿಟ್ಟು ತಪ್ಪು ತಮ್ಮದೆಂದರೆ ಸರಿ, ಇಲ್ಲವಾದರೆ ತಾರಸಿಯ ತಂತಿ ಇಳಿಯಬೇಕೆಂದು ಕಟ್ಟಡದವರ ಸಭೆಯಲ್ಲಿ ತೀರ್ಮಾನವಾಯಿತು. ನಮ್ಮತ್ತೆಯೂ ಅದಕ್ಕೆ ಕೈ ಎತ್ತಿದರು. ಆ ತಂತಿಯ ಮೇಲೆ ಸೀರೆ ಒಣಹಾಕಲು ನಾನು ಬಿಟ್ಟಿರಲಿಲ್ಲ.

ತಮ್ಮನ್ನು ಕಾಣಲು ಗುಡ್ಡ ಹತ್ತಿಯೂ ಬಂದೆ. ಗೇಟಿನ ಕಾವಲುಗಾರ ಬಹಳ ಮರ್ಯಾದಸ್ಥ. "ಸಾಹೇಬ್ರು ರೇಡಿಯೋದಲ್ಲಿದ್ದಾರಮ್ಮ, ಏನಿದ್ರೂ ರೇಡಿಯೋದಲ್ಲೇ ಹೇಳ್ಬೇಕಂತೆ" ಎಂದ. ಇಳಿದು ಬಂದು ರೇಡಿಯೋದಲ್ಲೇ ಹೇಳಿದೆ. ಭಾನುವಾರ ಬೆಳಗಿನಿಂದ ಗಂಟಲು ಹರಿಯುವ ತನಕ ಹೇಳಿದೆ. ತಾವು ಸಮುದ್ರದಾಚೆಯ ದೈತ್ಯರೊಡನೆ ಕುಶಲ ವಿಚಾರಿಸುತ್ತಿದ್ದಿರಿ. ತಮ್ಮ ಮಗ್ಗುಲಲ್ಲೇ ತಮ್ಮ ಇನ್ನೊಂದು ರೇಡಿಯೋ ಸೆಟ್ಟು ಒದರುತ್ತಿರುವಾಗ ನಮ್ಮಂಥವರ ಸೊಳ್ಳೆ ದನಿ ಕೇಳಿಸೀತಾದರೂ ಹೇಗೆ?

ಮಧ್ಯಾಹ್ನಕ್ಕೆ ದರ್ಜಿಯಣ್ಣ ತಾರಸಿ ಹತ್ತಿದರು. ಬಟ್ಟೆಯ ಕತ್ತರಿಯನ್ನು ತಂತಿಗೆ ಇಟ್ಟರೆ ಹರಿತ ಹೋಗುತ್ತದೆಂದು ನನ್ನದೇ ಇಕ್ಕಳ ಕೇಳಿ ಪಡೆದು, ನನ್ನದೇ ತಂತಿ ಇಳಿಸಿ, ಸುರುಳಿ ಸುತ್ತಿ ಅತ್ತೆಯ ಕೈಗಿಟ್ಟರು. ಸುರುಳಿ ಅತ್ತೆಯ ಕೈಯಲ್ಲಿ, ನನ್ನ ಸೆಟ್ಟಿನ ಪ್ಲಗ್ಗು ನನ್ನ ಕೈಯಲ್ಲಿ. ಅಷ್ಟರಲ್ಲಿ ಕೆಳಗಿನ ಸ್ಪೀಕರು ಗುಡುಗಿತು. ತಾವು ಗಾಳಿಯಲ್ಲಿನ ಜಾಗ, ಅಂದರೆ ತರಂಗಾಂತರ, ಬದಲಿಸುತ್ತಿದ್ದಿರಿ. ಹೊಸ ಜಾಗಕ್ಕೆ ಬಂದವರು ಅಲ್ಲಿ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿ, ಉತ್ತರ ಬಾರದಿದ್ದರೆ ಮಾತ್ರ ಕೂರುವುದು ನಮ್ಮ ಹವ್ಯಾಸದ ಮರ್ಯಾದೆಯಲ್ಲವೇ? ತಾವೂ ಕೇಳಿದಿರಿ: "ಇಲ್ಲಿ ಯಾರಾದರೂ ಇದ್ದೀರಾ?"

ದರ್ಜಿಯಣ್ಣ ಅತ್ತೆಯ ಕೈಯ ಸುರುಳಿ ನೋಡಿದರು, ನನ್ನ ಕೈಯ ಪ್ಲಗ್ಗು ನೋಡಿದರು, ಆಮೇಲೆ ನಿಧಾನವಾಗಿ ಗುಡ್ಡ ನೋಡಿದರು. ತಾರಸಿಯ ಗೋಡೆಗೆ ಆತು ನಿಂತು, "ಇದ್ದೀವಿ ಕಣಪ್ಪಾ, ನಿನ್ ಕಾಲ್ ಕೆಳಗೇ ಇದ್ದೀವಿ" ಎಂದರು. ಅತ್ತೆಯೂ ಕೂಗಿದರು. ಎದುರು ಕಟ್ಟಡದವರು ಏನು ಎತ್ತ ತಿಳಿಯದಿದ್ದರೂ ನ್ಯಾಯ ನಮ್ಮ ಕಡೆಯೇ ಇರಬೇಕೆಂದು ಅವರೂ ಕೂಗಿದರು. ತಾವು ಎಂದಿನ ಪಿಳುಕಿನಷ್ಟು ಕಾದು, ಯಾರೂ ಇಲ್ಲವೆಂದು ನಿಶ್ಚಯಿಸಿ, ಕುಳಿತುಬಿಟ್ಟಿರಿ. ಆಕ್ಷೇಪವುಂಟೇ ಎಂದು ಕೇಳಿ, ಜನ ಉಸಿರೆಳೆಯುವುದರೊಳಗೆ ಆಕ್ಷೇಪವಿಲ್ಲವೆಂದು ಬರೆದುಕೊಳ್ಳುವ ಸಭೆಗಳಿಂದ ನನ್ನನ್ನು ಎಷ್ಟೋ ಸಲ ಎತ್ತಿ ಹೊರಗೆ ಹಾಕಿದ್ದಾರೆ. ಆದರೆ ಆ ಕಲೆಯನ್ನು ಆಕಾಶಕ್ಕೆ ಏರಿಸಿದ ಕೀರ್ತಿ ತಮ್ಮದು.

ತಂತಿ ಮತ್ತೆ ಏರಿದೆ. ದರ್ಜಿಯಣ್ಣನೇ ಬಿದಿರಿನ ಗಳ ತಂದು ಮೊದಲಿಗಿಂತ ಒಂದಾಳು ಎತ್ತರಕ್ಕೆ ಕಟ್ಟಿ, ಹೊಲಿಗೆ ಬಿಚ್ಚದಂಥ ಗಂಟು ಹಾಕಿದ್ದಾರೆ. ಅಷ್ಟು ಎತ್ತರಕ್ಕೆ ಸೀರೆ ಎಸೆಯಲು ಅತ್ತೆಗೂ ಆಗುವುದಿಲ್ಲ. ಈಗ ಕಟ್ಟಡದವರೆಲ್ಲರ ಪರವಾಗಿ ನಮ್ಮ ಹಕ್ಕೊತ್ತಾಯ: ಗೋಪುರದ ತುದಿಗೆ ಒಂದು ಕಿವಿಯನ್ನೂ ಕೂಡಲೇ ಏರಿಸತಕ್ಕದ್ದು, ದೊಡ್ಡ ಅಳತೆಯದು ಬೇಕಾದರೆ ದರ್ಜಿಯಣ್ಣ ಹೊಲಿದು ಕೊಡುತ್ತಾರೆ. ಅಲ್ಲಿಯವರೆಗೆ ತಮ್ಮ ಕಂಠದಲ್ಲಿ ಅರ್ಧವನ್ನು ಕಟ್ಟಡದ ಮನೆಗಳಿಗೆ ಸಮನಾಗಿ ಹಂಚತಕ್ಕದ್ದು. ಎರಡೂ ಆಗದಿದ್ದರೆ ಹೆಣ್ಣುಮಗಳೊಬ್ಬಳು ತನ್ನ ಗುರುತು ಹೇಳಿ ಮುಗಿಸುವಷ್ಟು ಹೊತ್ತು, ಅಷ್ಟೇ ಹೊತ್ತು, ಬಾಯಿ ಮುಚ್ಚತಕ್ಕದ್ದು.

ಇಂತಿ, ತಮ್ಮ ಕಿವಿಯಾಚೆಯ
ತಮ್ಮ ವಿಶ್ವಾಸಿ,
ಗುಡ್ಡದ ಬುಡದ ಕಂಡಕ್ಟರಮ್ಮ

ಮಡಿಸುವ ಮುನ್ನ: ಸ್ಪರ್ಧೆಯ ಫಲಿತಾಂಶ ಈಗಷ್ಟೇ ನೋಡಿದೆ. ಒಂದೇ ಒಂದು ಅಂಕದಲ್ಲಿ ತಮಗೆ ಮೊದಲ ಸ್ಥಾನ ತಪ್ಪಿತಂತೆ. ಸಂತಾಪಗಳು. ಆ ಅಂಕ ಭಾನುವಾರ ಬೆಳಗಿನಿಂದ ತಮ್ಮನ್ನು ಕೂಗುತ್ತಲೇ ಇತ್ತು.