ಬಫೆಯಲ್ಲಿ ನಮ್ಮ ಪಂಕ್ತಿ

ಮಕ್ಕಳನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವವರು ಒಂದಿಲ್ಲೊಂದು ಫಜೀತಿ ಕಟ್ಟಿಕೊಂಡೇ ಮನೆಗೆ ಬರುತ್ತಾರೆ. ನಾವೇನೂ ಹೌಸಿಗೆ, ಮೋಜಿಗೆ ಹೋದವರಲ್ಲ. ಐದು ವರ್ಷದ ಮಗಳು ಏನು ಕೊಟ್ಟರೂ ಎರಡು ತುತ್ತಿಗೆ ಬಾಯಿ ಮುಚ್ಚುತ್ತಿದ್ದಳು. ಅವಳ ಎಲುಬು ಎಣಿಸಿ ಎಣಿಸಿ ನನಗೆ ನಿದ್ದೆ ಹಾರಿಹೋಗಿತ್ತು. ಕುಂದಗೋಳದ ಡಾಕ್ಟರು, "ಜಬರದಸ್ತಿ ಮಾಡಬ್ಯಾಡ್ರಿ, ತನಗ ಬೇಕಾದ್ದು ತಾನ ಹಾಕ್ಕೊಳ್ಳಲಿ" ಎಂದರು. ತಾನೇ ಹಾಕಿಕೊಳ್ಳುವುದೆಂದರೆ ಬಫೆ ಎಂದು ನನ್ನ ಗಂಡ ತೀರ್ಮಾನಿಸಿದರು. ಒಂದು ಭಾನುವಾರ ನಮ್ಮೂರು ಸಂಶಿಯಿಂದ ಬಸ್ಸು ಹತ್ತಿ ನಾಲ್ವರೂ ಹುಬ್ಬಳ್ಳಿಗೆ ಹೋದೆವು.

೧. ಕರೆಯದ ಊಟ

ಏಳು ವರ್ಷದ ಮಗ ಹೋಟೆಲಿನ ಬಾಗಿಲಲ್ಲೇ ನಿಂತುಬಿಟ್ಟ. ತಾವೇ ಹಾಕಿಕೊಂಡು ಉಣ್ಣುವ ಊಟವನ್ನು ಅವನು ನೋಡಿದ್ದು ಮದುವೆಗಳಲ್ಲಿ ಮಾತ್ರ. ಮದುಮಕ್ಕಳು ಎಲ್ಲಿ ಎಂದು ಕೇಳಿದ. ಇಲ್ಲಿ ಮದುವೆ ಇಲ್ಲ, ನಾವೇ ದುಡ್ಡು ಕೊಟ್ಟು ಉಣ್ಣುವುದು ಎಂದು ಅವರಪ್ಪ ತಿಳಿಸಿ ಹೇಳಿದರು. ಅವನ ಮುಖ ಇನ್ನೂ ಸಣ್ಣದಾಯಿತು.

"ಯಾರೂ ಊಟಕ್ಕ ಏಳ್ರಿ ಅಂದಿಲ್ಲಲ್ಲ, ಹೆಂಗ ಹೋಗೂದು?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಎಷ್ಟೇ ಹಸಿದಿದ್ದರೂ ಮನೆಯವರು ಬಂದು ಎಬ್ಬಿಸುವ ತನಕ ಯಾರೂ ಜಾಗ ಬಿಟ್ಟು ಏಳುವುದಿಲ್ಲ. ಕೊನೆಗೆ ವೇಟರೊಬ್ಬರು ಬಂದು ಕೈಮುಗಿದು, "ಸಾವಕಾರ್ರ, ಊಟಕ್ಕ ಏಳ್ರಿ" ಎಂದರು. ಮಗ ಗಂಭೀರವಾಗಿ, ಈಗಷ್ಟೇ ಚಹಾ ಆಗಿದೆ, ಅವಸರವೇನಿಲ್ಲ ಎಂದ.

೨. ಹಪ್ಪಳ

ಗಂಡ ಬೆಳಿಗ್ಗೆ ನಾಷ್ಟಾ ಬಿಟ್ಟು ಬಂದಿದ್ದರು. ಯಾವುದರ ನಂತರ ಯಾವುದು ಎಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಮಗನಿಗೆ ಎಷ್ಟು ಬೇಕಾದರೂ ಹಾಕಿಕೋ ಎಂದದ್ದೂ ಅವರೇ. ಅವನು ತಾಟಿನ ತುಂಬ ಹಪ್ಪಳ ಪೇರಿಸಿಕೊಂಡು ಬಂದ. ಪ್ರತಿಯೊಂದನ್ನೂ ಒಂದೊಂದು ಕಡೆ ಕಚ್ಚಿ, ರುಚಿ ಎಲ್ಲದರದ್ದೂ ಒಂದೇ ಇದೆ ಎಂದು ವರದಿ ಕೊಟ್ಟು, ತಾಟು ಅಪ್ಪನ ಕಡೆ ತಳ್ಳಿದ. ತಾಟಿನಲ್ಲಿ ಅನ್ನದ ಅಗುಳೂ ಬಿಡಬಾರದೆಂದು ಮಕ್ಕಳಿಗೆ ದಿನಾ ಪಾಠ ಹೇಳುವವರು ಇವರೇ. ಮಗ ಎದುರಿಗೇ ಕೂತು ನೋಡುತ್ತಿದ್ದ. ಅಷ್ಟು ಬಗೆಯ ಅಡುಗೆಯಲ್ಲಿ ಪಾಪ, ಇವರ ಪಾಲಿಗೆ ಬಂದದ್ದು ಹಪ್ಪಳ, ಅದೂ ಎಂಜಲು.

೩. ಉಪ್ಪು ಬಡಿಸುವವಳು

ಇತ್ತ ಮಗಳ ತಾಟು ಖಾಲಿ, ಕುರ್ಚಿಯೂ ಖಾಲಿ. ಹುಡುಕಿದರೆ ಉಪ್ಪಿನ ಬಟ್ಟಲು ಹಿಡಿದು ಮೇಜಿನಿಂದ ಮೇಜಿಗೆ ಹೊರಟಿದ್ದಾಳೆ. ನಮ್ಮೂರ ಮಠದ ದಾಸೋಹದಲ್ಲಿ ಸಣ್ಣ ಮಕ್ಕಳಿಗೆ ಕೊಡುವ ಕೆಲಸ ಅದು. ಜನ ನಗುತ್ತಾ ಹಾಕಿಸಿಕೊಂಡರು. ಅಷ್ಟು ಸಾಕಾಯಿತು, ಜಾಮೂನಿನ ಸೌಟಿಗೆ ಕೈ ಹಾಕಿದಳು. ಗುರುತಿಲ್ಲದ ಹಿರಿಯರೊಬ್ಬರು ತಾಟಿಗೆ ಎರಡೂ ಕೈ ಅಡ್ಡ ಹಿಡಿದರು. ಆ ಕೈಗಳ ಮೇಲೇ ಒಂದು ಜಾಮೂನು ಬಿತ್ತು. ಒಂಟಿ ಬಡಿಸಬಾರದೆಂದು ಇನ್ನೊಂದೂ ಬಿತ್ತು.

ನಾನು ನಾಚಿ ನೀರಾಗಿ ಉಣ್ಣಲು ಕರೆದೆ. ಅವಳು ತಿರುಗಿಯೂ ನೋಡಲಿಲ್ಲ.

"ಬಡಸಾವ್ರು ಕಡೀಕ ಉಣ್ಣಬೇಕು. ಅಷ್ಟೂ ಗೊತ್ತಿಲ್ಲೇನ ಬೇ?"

ಜನ ಕರಗಿದ ಮೇಲೆ ವೇಟರುಗಳು ತಮ್ಮ ಊಟಕ್ಕೆ ಅಡುಗೆಮನೆ ಬಾಗಿಲಲ್ಲಿ ಕೂತರು. ಮಗಳು ಅವರ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಅನ್ನ ಸಾರು ಎರಡು ಸಲ ಹಾಕಿಸಿಕೊಂಡಳು, ಮೇಲೆ ಮೊಸರನ್ನ. ಮೈ ಮುರಿದು ದುಡಿದವರ ಹಾಗೆ ಉಂಡಳು. ನನಗೆ ಅಳು ಬಂತು, ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಈಗ ಮನೆಯಲ್ಲೂ ಅದೇ ಪದ್ಧತಿ. ನಾವು ಮೂವರೂ ಸಾಲಾಗಿ ಕೂರಬೇಕು, ಅವಳು ಬಡಿಸಬೇಕು, ಸಾಕು ಅಂದರೆ ಎರಡು ರೊಟ್ಟಿ ಜಾಸ್ತಿ. ಆಮೇಲೆ ತಾನು ಹೊಟ್ಟೆ ತುಂಬ ಉಣ್ಣುತ್ತಾಳೆ. ಮೊನ್ನೆ ಡಾಕ್ಟರು ಅವಳನ್ನು ನೋಡಿ ಖುಷಿಪಟ್ಟರು, ಇನ್ನು ಬರುವುದೇ ಬೇಡ ಎಂದರು. ಆದರೆ ತಿಂಗಳಿಗೊಮ್ಮೆ ಬಂದು ತಮ್ಮ ತೂಕ ನೋಡಿಸಿಕೊಂಡು ಹೋಗಲು ನನ್ನ ಗಂಡನಿಗೆ ಹೇಳಿದ್ದಾರೆ.