ಬೇಸ್ ಗಿಟಾರ್ ಕೇಳಿಸದಿರುವ ಬಗ್ಗೆ

ನಮ್ಮ ತೂಕ ಮತ್ತು ಅಳತೆ ಕಚೇರಿಯ ವಾದ್ಯವೃಂದದಲ್ಲಿ ಬೇಸ್ ಗಿಟಾರ್ ಎಂಬ ವಾದ್ಯವು ಹನ್ನೊಂದು ವರ್ಷಗಳಿಂದ ಇದ್ದು, ಅದು ಈವರೆಗೆ ಯಾರಿಗೂ ಕೇಳಿಸಿಲ್ಲವೆಂಬ ಸಂಗತಿ ವಾರ್ಷಿಕೋತ್ಸವ ಮುಗಿದ ಮೂರನೇ ದಿನ ಮುಖ್ಯಾಧಿಕಾರಿಗಳ ಗಮನಕ್ಕೆ ಬಂದಿತು. ವಿಚಾರಣಾ ಸಮಿತಿಗೆ ನಾನೇ ಕಾರ್ಯದರ್ಶಿ. ಹಾಗಾಗಿ ಇಲ್ಲಿ ಹೇಳುತ್ತಿರುವುದೆಲ್ಲ ಕಡತದಲ್ಲಿರುವುದೇ. ನನ್ನದೆಂದು ಒಂದಕ್ಷರ ಸೇರಿಸಿಲ್ಲ. ಅಲ್ಲಲ್ಲಿ ಸೇರಿದ್ದರೆ ಅದು ಹೊಟ್ಟೆಯ ಸಂಕಟ, ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ವೃಂದದಲ್ಲಿ ನಾಲ್ಕೇ ಜನ. ಹಾಡುವವರು ಸ್ವತಃ ಮುಖ್ಯಾಧಿಕಾರಿಗಳು. ಕೀಬೋರ್ಡು ಬೆರಳಚ್ಚುಗಾರ್ತಿಯದು, ಖಂಜರಿ ಜೀಪಿನ ಚಾಲಕನದು. ದಪ್ಪ ತಂತಿಯ ಈ ಬೇಸ್ ಗಿಟಾರ್ ನುಡಿಸುವ ನಾಲ್ಕನೆಯವನು ತೂಕದ ಬಟ್ಟುಗಳಿಗೆ ಸುತ್ತಿಗೆಯಿಂದ ಮುದ್ರೆ ಹೊಡೆಯುವ ಗುಮಾಸ್ತ. ಕಚೇರಿಯಲ್ಲಿ ಎಲ್ಲರೂ ಅವನನ್ನು ದಪ್ಪತಂತಿ ಅನ್ನುತ್ತಾರೆ. ಆಳು ಮಾತ್ರ ಕಡ್ಡಿ. ಪ್ರತಿ ಶನಿವಾರ ಮೂರು ಗಂಟೆಗೆ ಸೀಟು ಬಿಟ್ಟು ಮೇಲಿನ ಸಭಾಂಗಣದಲ್ಲಿ ಅಭ್ಯಾಸ ಮಾಡಲು ನಾಲ್ವರಿಗೂ ಅನುಮತಿಯಿದೆ. ಆ ದಿನ ದಪ್ಪತಂತಿಯ ತಾಯಿಯೂ ಬರುತ್ತಿದ್ದರು. ಕಿವಿ ಕೇಳದ ಹೆಂಗಸು, ಕಚೇರಿಯ ಆರೋಗ್ಯ ವಿಭಾಗ ಶ್ರವಣದೋಷ ಕಾರ್ಡಿನ ಮೇಲೆ ಕೊಟ್ಟ ಕಿವಿಯಂತ್ರ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ವಾರವಿಡೀ ಬಟ್ಟು ಕುಟ್ಟುವ ಮಗನಿಗೂ, ವಾರವಿಡೀ ಗೋಡೆ ನೋಡುವ ತಾಯಿಗೂ ಆ ಎರಡು ಗಂಟೆಯೇ ಜೀವ.

ಆದದ್ದು ಇಷ್ಟು. ಮುಖ್ಯಾಧಿಕಾರಿಗಳು ವಾರ್ಷಿಕೋತ್ಸವದ ತಮ್ಮ ಹಾಡನ್ನು ಮೊಬೈಲಿನಲ್ಲಿ ವಿಡಿಯೋ ಹಿಡಿಸಿಕೊಂಡಿದ್ದರು. ನಲವತ್ತು ಸಲ ಕೇಳಿದ ಮೇಲೆ ಅವರಿಗೊಂದು ಅನುಮಾನ ಬಂತು. ನನ್ನನ್ನು ಕರೆಸಿ, ಮೊಬೈಲನ್ನು ಮೇಜಿನ ಮೇಲಿಟ್ಟರು.

"ನನ್ನ ದನಿ ಕೇಳ್ತಿದೆಯೇನ್ರೀ?"

"ಚೆನ್ನಾಗಿ ಸಾರ್."

"ಕೀಬೋರ್ಡು? ಖಂಜರಿ?"

"ಇವೆ ಸಾರ್. ಖಂಜರಿ ಸ್ವಲ್ಪ ಜಾಸ್ತೀನೇ ಇದೆ."

"ದಪ್ಪತಂತಿ ಏನ್ ಮಾಡ್ತಿದಾನೆ?"

ನಾನು ಬಗ್ಗಿ ಕಿವಿಯಿಟ್ಟೆ. "ನಿಂತಿದಾನೆ ಸಾರ್."

"ಅಂದ್ರೆ ಹನ್ನೊಂದು ವರ್ಷ ಸೀಟು ಬಿಟ್ಟು ಹೋಗಿ, ಸುಮ್ನೆ ನಿಂತ್ಕೊಂಡು ಬಂದ ಅಂತಾಯ್ತು!"

ಅಂದೇ ಸಮಿತಿ ರಚನೆಯಾಯಿತು. ಹಾಡಿದವರು, ದೂರು ಕೊಟ್ಟವರು ಮತ್ತು ಅಧ್ಯಕ್ಷರು ಒಬ್ಬರೇ ಆದದ್ದರಿಂದ ಪತ್ರವ್ಯವಹಾರ ಬಹಳ ಬೇಗ ಮುಗಿಯಿತು. ಉಗ್ರಾಣಾಧಿಕಾರಿಗಳನ್ನು ತಜ್ಞ ಸದಸ್ಯರೆಂದು ಸೇರಿಸಿಕೊಂಡೆವು. ಅವರ ಮನೆಯಲ್ಲಿ ಒಂದು ರೇಡಿಯೋ ಇದೆ.

ಮೊದಲ ಬೈಠಕ್ಕಿನಲ್ಲಿ ತಜ್ಞರು ವಾದ್ಯವನ್ನು ಮೇಜಿನ ಮೇಲೆ ಮಲಗಿಸಿ, ಕನ್ನಡಕ ಮೂಗಿಗಿಳಿಸಿ ಎಣಿಸಿದರು.

"ಗಿಟಾರಿಗೆ ತಂತಿ ಆರು. ಇಲ್ಲಿರೋದು ನಾಲ್ಕು. ಇನ್ನೆರಡು ಎಲ್ಲಿಗೆ ಹೋದ್ವು?"

"ಇದಕ್ಕೆ ನಾಲ್ಕೇ ಸಾರ್," ಅಂದ ದಪ್ಪತಂತಿ.

"ಯಾರ ಅಪ್ಪಣೆ ಮೇಲೆ?"

'ಎರಡು ತಂತಿಗಳ ಬಗ್ಗೆ ಆರೋಪಿ ಮೌನ' ಎಂದು ದಾಖಲಿಸಿದೆ. ತಜ್ಞರು ತಂತಿಯ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ಇದೇನ್ರೀ ಇಷ್ಟು ಜಿಡ್ಡು? ತಂತಿ ಬದಲಾಯಿಸಿ ಎಷ್ಟು ದಿನವಾಯ್ತು?"

"ಹನ್ನೊಂದು ವರ್ಷ ಸಾರ್." ಅವನ ಮುಖ ಅರಳಿತು. ಅವನನ್ನು ಹೀಗೆ ಯಾರೂ ಕೇಳಿದ್ದಿಲ್ಲ, ಪಾಪ. "ಹೊಸ ತಂತಿ ಕಿಣಿಕಿಣಿ ಅನ್ನತ್ತೆ. ಕೈಯ ಬೆವರು ಕುಡಿದು ಕುಡಿದು ಹಳತಾದ್ಮೇಲೇನೇ ಅದು ಗುಂ ಅನ್ನೋದು. ಆಮೇಲೆ ಕಿರುಗುಟ್ಟೋದು ಹೋಗ್ಲಿ ಅಂತ ಈ ಟೋನ್ ತಿರುಪು ಪೂರ್ತಿ ಇಳಿಸಿಟ್ಟಿರ್ತೀನಿ. ಆಗ ನೋಡಿ, ಬೆಚ್ಚಗೆ ಬರತ್ತೆ."

'ಆರೋಪಿಯು ಶಬ್ದವನ್ನು ಉದ್ದೇಶಪೂರ್ವಕವಾಗಿ ಇಳಿಸಿಟ್ಟಿರುವುದನ್ನು ಒಪ್ಪಿಕೊಂಡಿರುತ್ತಾನೆ' ಎಂದು ಅಧ್ಯಕ್ಷರು ಬರೆಸಿದರು.

"ಮೊಬೈಲಿನ ಸ್ಪೀಕರು ಬೆರಳುಗುರಿನಷ್ಟಿರತ್ತೆ ಸಾರ್," ಅಂತ ಅವನು ಅಂಗಲಾಚಿದ. "ಇಷ್ಟು ತಗ್ಗಿನ ಸ್ವರ ಅದರಲ್ಲಿ ಬರೋದೇ ಇಲ್ಲ. ಅಗಲದ ಸ್ಪೀಕರ್ ಬೇಕು."

"ನನ್ನ ದನಿ ಬಂತಲ್ಲ?"

"ತಮ್ಮದು ಮೇಲಿನ ಮಟ್ಟದ್ದು ಸಾರ್."

ಈ ಉತ್ತರ ಅಧ್ಯಕ್ಷರಿಗೆ ಹಿಡಿಸಿತು. ಆದರೇನು, ಮೊಬೈಲನ್ನು ಸಾಕ್ಷಿಯಾಗಿ ಅಂಗೀಕರಿಸಿ ಸಹಿ ಆಗಿಹೋಗಿತ್ತು. ವಾದ್ಯ ಕೇಳಿಸಿದೆ ಎನ್ನುವ ಒಬ್ಬರನ್ನಾದರೂ ಏಳು ದಿನಗಳೊಳಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ವೃಂದದಿಂದ ತೆಗೆದುಹಾಕಿ ಹನ್ನೊಂದು ವರ್ಷದ ಶನಿವಾರಗಳನ್ನು ಗೈರುಹಾಜರಿ ಎಂದು ಪರಿಗಣಿಸಲಾಗುವುದು ಎಂದು ಆದೇಶ ಹೊರಟಿತು.

ಬೆರಳಚ್ಚುಗಾರ್ತಿ, "ನಂದನ್ನ ನಾನು ನೋಡ್ಕೊಳ್ಳೋದೇ ಹೆಚ್ಚು, ನನ್ನನ್ನ ಎಳೀಬೇಡಿ" ಅಂದಳು. ಚಾಲಕ ತಲೆ ಕೆರೆದುಕೊಂಡ. "ಅವನಿಲ್ದಿದ್ರೆ ನನ್ನ ತಾಳ ಎಡವತ್ತೆ ಸಾರ್. ಆದ್ರೆ ಕೇಳಿಸ್ತಾ ಅಂದ್ರೆ, ಏನು ಹೇಳ್ಲಿ?" ಏನೂ ಹೇಳದ್ದರಿಂದ 'ಕೇಳಿಸಿಲ್ಲ' ಎಂದು ಬರೆದುಕೊಂಡೆವು.

ಏಳನೇ ದಿನ ದಪ್ಪತಂತಿ ತಾಯಿಯನ್ನೇ ಕೈಹಿಡಿದು ಕರೆತಂದ.

"ಈ ಯಂತ್ರದಲ್ಲಿ ಪಕ್ಕದಲ್ಲಿ ಕೂತೋರ ಮಾತು ಕೇಳತ್ತಪ್ಪ," ಅಂದರು ಆಕೆ. "ಹಾಡು ಗೀಡು ಏನೂ ತಿಳಿಯಲ್ಲ. ಇವನದೊಂದೇ ಅಂಗಾಲಿಂದ ಹತ್ತಿ ಬಂದು ಎದೇಲಿ ಕೂರತ್ತೆ."

ತಜ್ಞರು ಪರೀಕ್ಷೆಯಾಗಲಿ ಅಂದರು. ಸಭಾಂಗಣದ ಹಲಗೆ ನೆಲದ ಮೇಲೆ ಅವನ ಆಂಪ್ಲಿಫೈಯರ್ ಪೆಟ್ಟಿಗೆಯನ್ನಿಟ್ಟು, ಆಕೆಯನ್ನು ಗೋಡೆಗೆ ಮುಖಮಾಡಿ ಕೂರಿಸಿದೆವು. ಆಕೆ ಚಪ್ಪಲಿ ಬಿಟ್ಟು ಪಾದ ಊರಿದರು. ಹಿಂದಿನಿಂದ ನಾನು ಸನ್ನೆ ಮಾಡಿದಾಗ ದಪ್ಪತಂತಿ ನುಡಿಸಬೇಕು ಅಥವಾ ನಿಲ್ಲಿಸಬೇಕು. ಆಕೆ ಬೆರಳೆತ್ತಬೇಕು ಅಥವಾ ಇಳಿಸಬೇಕು. ಹನ್ನೊಂದು ಸಲ ಮಾಡಿದೆವು. ಹನ್ನೊಂದೂ ಸರಿ. ಕೊನೆಕೊನೆಗೆ ಆಕೆ ಬೆರಳೆತ್ತುವುದನ್ನು ಬಿಟ್ಟು ಮಂಡಿಯ ಮೇಲೆ ತಾಳ ಹಾಕತೊಡಗಿದ್ದರು. ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಖುಷಿಯಾಯಿತು.

ಸಮಿತಿಯ ತೀರ್ಮಾನ ಅಂದು ಸಂಜೆಯೇ ಬಂತು. ವಾದ್ಯ ಕೇಳಿಸುತ್ತದೆ ಎಂಬುದು ಸಾಬೀತಾಗಿದೆ. ಹನ್ನೊಂದು ವರ್ಷ ನಮಗಾರಿಗೂ ಕೇಳದ್ದು ಆಕೆಗೆ ಕೇಳಿಸಿರುವುದರಿಂದ ಆಕೆಯ ಕಿವಿಗಳು ಸಮಿತಿಯ ಕಿವಿಗಳಿಗಿಂತ ಉತ್ತಮವೆಂಬುದೂ ಸಾಬೀತಾಗಿದೆ. ಆದಕಾರಣ ಆಕೆಯ ಶ್ರವಣದೋಷ ಕಾರ್ಡನ್ನು ರದ್ದುಪಡಿಸಿದ್ದು, ಕಿವಿಯಂತ್ರವನ್ನು ಏಳು ದಿನಗಳೊಳಗೆ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.

ಮರುದಿನ ದಪ್ಪತಂತಿ ನನ್ನ ಮೇಜಿನ ಮುಂದೆ ಬಂದು ನಿಂತ. ಕಣ್ಣು ಕೆಂಪಗಾಗಿತ್ತು.

"ಯಂತ್ರ ಹೋದ್ರೆ ಅಮ್ಮನ ಜೊತೆ ಮಾತಾಡೋದು ಹೇಗೆ ಸಾರ್? ಊಟ ಆಯ್ತಾ ಅಂತ ಕೇಳೋಕೂ ಕೈಸನ್ನೆ ಮಾಡ್ಬೇಕಾ?"

ದಾರಿಯೊಂದಿತ್ತು. ಹೇಳಲು ನನಗೇ ನಾಚಿಕೆಯಾಯಿತು, ಆದರೂ ಹೇಳಿದೆ. "ನುಡಿಸಿಯೇ ಇಲ್ಲ ಅಂತ ಬರ್ಕೊಟ್ಬಿಡು. ನೀನು ನುಡಿಸಿಲ್ಲ ಅಂದ್ರೆ ಅಮ್ಮನಿಗೆ ಕೇಳಿಸಿಲ್ಲ. ಕೇಳಿಸಿಲ್ಲ ಅಂದ್ರೆ ಕಾರ್ಡು ಉಳಿಯತ್ತೆ."

ಅವನು ತನ್ನ ಬೆರಳ ತುದಿಯ ಜಡ್ಡನ್ನು ಉಜ್ಜಿಕೊಂಡ. ಆಮೇಲೆ ನನ್ನ ಪೆನ್ನೇ ತೆಗೆದುಕೊಂಡು ಬರೆದ: 'ನಾನು ಹನ್ನೊಂದು ವರ್ಷಗಳಿಂದ ನುಡಿಸಿರುವುದಿಲ್ಲ. ಪರೀಕ್ಷೆಯಲ್ಲಿ ನುಡಿಸಿದಂತೆ ನಟಿಸಿರುತ್ತೇನೆ. ನನ್ನ ತಾಯಿ ಊಹಿಸಿ ಬೆರಳೆತ್ತಿರುತ್ತಾರೆ.'

ಇಂಥ ಪ್ರಾಮಾಣಿಕತೆಯನ್ನು ಅಧ್ಯಕ್ಷರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲವಂತೆ. ಅವನಿಗೊಂದು ಪ್ರಶಂಸಾಪತ್ರ ಕೊಟ್ಟರು, ಶನಿವಾರಗಳನ್ನು ಮನ್ನಾ ಮಾಡಿದರು, ಕಾರ್ಡನ್ನು ಒಂದು ವರ್ಷದ ಮಟ್ಟಿಗೆ ಹಿಂದಿರುಗಿಸಿದರು. ಅವನು ಇಲ್ಲದಿದ್ದರೆ ಫೋಟೋದಲ್ಲಿ ವೇದಿಕೆಯ ಬಲಗಡೆ ಬೋಳು ಕಾಣುವುದರಿಂದ, ಮುಂದೆಯೂ ವಾದ್ಯಸಮೇತ ಯಥಾಪ್ರಕಾರ ನಿಲ್ಲತಕ್ಕದ್ದು ಎಂದರು. ನುಡಿಸದ ವಾದ್ಯಕ್ಕೆ ದನಿ ಬೇಡವೆಂದು ಅವನ ಆಂಪ್ಲಿಫೈಯರ್ ಪೆಟ್ಟಿಗೆಯ ವೈರನ್ನು ಉಗ್ರಾಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಅವನು ತಾಯಿಗೆ ಅಭ್ಯಾಸ ನಿಂತುಹೋಗಿದೆ ಅಂತ ಸುಳ್ಳು ಹೇಳಿ, ಶನಿವಾರ ಒಬ್ಬನೇ ಬಂದು ಎರಡು ಗಂಟೆ ನಿಂತು ಹೋಗತೊಡಗಿದ.

ಅದೇ ಸಭಾಂಗಣದಲ್ಲಿ ನಡೆದ ಮುಂದಿನ ವಾರ್ಷಿಕೋತ್ಸವಕ್ಕೆ ಆಕೆ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತು, ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ಪಾದ ಊರಿದರು. ಒಂದು ವರ್ಷ ಕಾದಿದ್ದ ಜೀವ. ಮುಖ್ಯಾಧಿಕಾರಿಗಳು ಎರಡು ಹಾಡು ಹಾಡಿದರು. ಖಂಜರಿ ನಾಲ್ಕು ಕಡೆ ಎಡವಿತು. "ಈ ಸಲ ಬೇಸು ಎಷ್ಟು ಸ್ಪಷ್ಟವಾಗಿದೆ ನೋಡಿ!" ಎಂದು ತಜ್ಞರು ನನ್ನ ಭುಜ ತಟ್ಟಿದರು. ಮೂರನೇ ಹಾಡಿನ ನಡುವೆ ಆಕೆ, ಕಿವಿ ಕೇಳದವರು ಮಾತಾಡುವಷ್ಟು ಗಟ್ಟಿಯಾಗಿ, ಇಡೀ ಸಭೆಗೆ ಕೇಳಿಸುವಂತೆ ಕೂಗಿದರು:

"ಯಾಕೋ ಮಗಾ, ಇನ್ನೂ ಶುರು ಮಾಡ್ಲಿಲ್ಲ?"

ದಪ್ಪತಂತಿ ತಲೆಯೆತ್ತಲಿಲ್ಲ. ಅವನ ಬೆರಳು ತಂತಿಯ ಮೇಲೆ ಸರಿಯಾದ ಜಾಗದಲ್ಲೇ ಓಡಾಡುತ್ತಿತ್ತು.

ಹಾಡು ಮುಗಿಸಿ ಮುಖ್ಯಾಧಿಕಾರಿಗಳು ನನ್ನನ್ನು ಹತ್ತಿರ ಕರೆದರು. "ನೋಡಿದ್ರೇನ್ರೀ? ಪಾಪ, ಒಂಚೂರೂ ಕೇಳಲ್ಲ. ಆ ಕಾರ್ಡನ್ನ ಕಾಯಂ ಮಾಡ್ಬಿಡಿ." ನಾನು ಅಲ್ಲೇ ಟಿಪ್ಪಣಿ ಹಾಕಿ ಸಹಿ ಪಡೆದೆ. ಮೂವರೂ ಸದಸ್ಯರು ಒಮ್ಮತದಿಂದ ಕಡತವನ್ನು ಮುಕ್ತಾಯಗೊಳಿಸಿದೆವು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಕುರ್ಚಿ ಎತ್ತುವವರು ಬಂದಾಗಲೂ ಆಕೆ ಚಪ್ಪಲಿ ಹಾಕಿಕೊಂಡಿರಲಿಲ್ಲ.