ಹೆಬ್ಬೆರಳ ಮೇಲೆ ನಿಂತ ಹೋಮ

ಮನುಷ್ಯನನ್ನು ನಂಬಬಾರದು, ತಂತಿಯನ್ನು ನಂಬಬೇಕು ಎಂಬುದು ನನ್ನ ಕಸುಬಿನ ಮೊದಲ ಪಾಠ. ಬೆಂಕಿ ಬಿದ್ದಾಗ ಮನುಷ್ಯ ಚಪ್ಪಲಿ ಹುಡುಕುತ್ತಾನೆ. ತಂತಿ ಹೇಳಿದ ಕೆಲಸ ಮಾಡುತ್ತದೆ. ಕಲಬುರಗಿಯ ಸೇಡಂ ರಸ್ತೆಯ ಪುಟ್ಟ ಆಫೀಸಿನಲ್ಲಿ ಕೂತು ಬೆಂಕಿ ಅಲಾರ್ಮಿನ ವೈರಿಂಗ್ ನಕ್ಷೆ ಹಾಕುವುದು ನನ್ನ ಉದ್ಯೋಗ. ಮನೆ ಬ್ರಹ್ಮಪುರದಲ್ಲಿ, ಮನೆತನ ಪೌರೋಹಿತ್ಯದ್ದು. ನಮ್ಮ ಕಾಕಾ ಈಗಲೂ ಊರೂರಿಗೆ ಹೋಗಿ ಹೋಮದ ಹೊಗೆ ಎಬ್ಬಿಸುತ್ತಾರೆ. ನಾನು ಹೊಗೆ ಕಂಡರೆ ಕೂಗುವ ಯಂತ್ರ ಕೂರಿಸುತ್ತೇನೆ. ಒಂದೇ ಮನೆಯಲ್ಲಿ ಎರಡೂ ದಂಧೆ ಇಷ್ಟು ದಿನ ಜಗಳವಿಲ್ಲದೆ ನಡೆದದ್ದೇ ಹೆಚ್ಚು.

ಕಮಲಾಪುರದ ಮಾಣಿಕರಾವ್ ಕೆಂಪು ಬಾಳೆಯಲ್ಲಿ ದುಡಿದು ಹೊಸ ಕಲ್ಯಾಣ ಮಂಟಪ ಕಟ್ಟಿಸಿದರು. ಅಲ್ಲಿ ನಡೆಯಬೇಕಿದ್ದ ಮೊದಲ ಮದುವೆ ಅವರ ಮಗಳದೇ. "ಶುರುವಾತಿಗೇ ಏನರೆ ಅಪಶಕುನ ಆತಂದ್ರ ಮುಗೀತ್ರೀ, ಬೀಗರು ಬ್ಯಾರೆ ಮಂಟಪ ನೋಡ್ರಿ ಅಂತಾರ" ಎಂದು ಅವರಿಗೆ ನಿದ್ದೆಯಿಲ್ಲ. ನಾನು ಧೈರ್ಯ ಹೇಳಿ ನಕ್ಷೆ ಬಿಡಿಸಿದೆ. ಪರದೆ, ಥರ್ಮಾಕೋಲು, ಕಾದ ದೀಪಗಳೆಲ್ಲ ವೇದಿಕೆಯಲ್ಲೇ ಇರುವುದರಿಂದ ಕಾವಲೂ ಅಲ್ಲೇ ಬಿಗಿ. ಅಲ್ಲಿನ ಎರಡು ಡಿಟೆಕ್ಟರುಗಳಲ್ಲಿ ಒಂದಕ್ಕೆ ಹೊಗೆ ಕಂಡರೆ ಸೈರನ್. ಎರಡಕ್ಕೂ ಕಂಡರೆ ಇದನ್ನೆಲ್ಲ ನಡೆಸುವ ಪ್ಯಾನೆಲ್ ಸ್ವಲ್ಪ ಹೊತ್ತು ಎಣಿಸಿ ಮೇಲಿನ ಕೊಳವೆಗಳಿಂದ ವೇದಿಕೆಯ ಮೇಲೆ ನೀರು ಬಿಡುತ್ತದೆ. ತಪ್ಪಿ ಹಾಗಾದರೆ ಇರಲೆಂದು ಗೋಡೆಗೊಂದು ಬಟನ್. ಒತ್ತಿ ಹಿಡಿದಷ್ಟು ಹೊತ್ತು ನೀರು ಬೀಳುವುದಿಲ್ಲ, ಬೆರಳು ತೆಗೆದರೆ ಎಣಿಕೆ ಮತ್ತೆ ಶುರು.

"ಒಗ್ಗರಣಿ ಹೊಗಿಗೆ ಏನ್ ಮಾಡ್ತದರೀ ಇದು?" ಎಂದು ನಕ್ಷೆ ನೋಡಿದ ಹೆಂಡತಿ ಕೇಳಿದಳು. ಅಡುಗೆಮನೆಗೆ ಹೊಗೆಯದಲ್ಲ, ಶಾಖದ ಡಿಟೆಕ್ಟರ್ ಹಾಕಿದ್ದೇನೆ ಎಂದು ಮೀಸೆ ತಿರುವಿದೆ. ನನಗೆ ಒಗ್ಗರಣೆ ನೆನಪಿತ್ತು. ಹುಟ್ಟಿದಾಗಿನಿಂದ ಕಣ್ಣು ಉರಿಸಿಕೊಂಡು ಬೆಳೆದ ಹೋಮ ಮಾತ್ರ ನೆನಪಾಗಲಿಲ್ಲ.

ಸಾಲದ್ದಕ್ಕೆ ವಾಸ್ತುಹೋಮಕ್ಕೆ ಕಾಕಾನ ಹೆಸರು ಹೇಳಿದವನೂ ನಾನೇ. ಹೊಸ ಕಟ್ಟಡದ ಬೀಗದ ಕೈಗಳನ್ನೆಲ್ಲ ಕುಂಕುಮ ಹಚ್ಚಿ ಕಳಸದ ಮುಂದಿಡುವುದು ನಮ್ಮಲ್ಲಿ ಪದ್ಧತಿ. ಪ್ಯಾನೆಲ್ಲಿನ ಬೀಗದ ಕೈಯನ್ನೂ, ಯಾರೂ ನೀರು ಬಂದ್ ಮಾಡದಿರಲೆಂದು ನಾನೇ ವಾಲ್ವಿಗೆ ಹಾಕಿಸಿದ್ದ ಬೀಗದ ಕೈಯನ್ನೂ ಭಕ್ತಿಯಿಂದ ಇಟ್ಟು ಕೈ ಮುಗಿದೆ. ವೇದಿಕೆಯ ಮೇಲೇ ಕುಂಡ ಹೂಡಿ ಕಾಕಾ ತುಪ್ಪ ಸುರಿಯತೊಡಗಿದರು. ಹೊಗೆ ನೆಟ್ಟಗೆ ನನ್ನ ನಕ್ಷೆಯತ್ತ ಏರಿತು.

ಸೈರನ್ ಹೊಯ್ದುಕೊಂಡಾಗ ಮಾಣಿಕರಾವ್ ಮುಖ ಸುಣ್ಣವಾಯಿತು. ಸದ್ದಡಗಿಸಲು ಬೀಗದ ಕೈ ಬೇಡ, ಹೋಗಿ ನಿಲ್ಲಿಸಿದೆ. ಅಷ್ಟರಲ್ಲಿ ಎರಡನೆಯ ಡಿಟೆಕ್ಟರ್ ದೀಪವೂ ಹತ್ತಿತು. ಓಡಿ ಬಟನ್ ಒತ್ತಿದೆ.

"ಕಾಕಾ, ಆ ಬೀಗದ ಕೈ ಕೊಡ್ರಿ, ಪ್ಯಾನೆಲ್ ಬಂದ್ ಮಾಡ್ತೀನಿ!"

"ವಿಸರ್ಜನಾ ಆಗೋತನಕ ಕಳಸದ ಮುಂದಿಂದು ಮುಟ್ಟೂಹಂಗಿಲ್ಲೋ. ಭಟ್ಟರ ಮನ್ಯಾಗ ಹುಟ್ಟಿ ಇಷ್ಟೂ ಗೊತ್ತಿಲ್ಲೇನು?"

"ಹಂಗಾರ ಲಗೂ ಮುಗಸ್ರಿ, ನೀರು ಬೀಳ್ತದ!"

"ಮಂತ್ರಕ್ಕ ಲಗೂ ಇರೂದಿಲ್ಲ. ನೀ ಒತ್ಕೊಂಡು ನಿಂದ್ರು."

ನಿಂತೆ. ಬಟನ್ ಎಲ್ಲರಿಗೂ ಕಾಣಲೆಂದು ವೇದಿಕೆಯ ಮಗ್ಗುಲಿಗೇ ಹಾಕಿಸಿದ್ದರಿಂದ ಪ್ರತಿ ಫೋಟೋದಲ್ಲೂ ನಾನು ಗೋಡೆ ಬೀಳದಂತೆ ಹಿಡಿದವನ ಹಾಗೆ ಬಂದಿದ್ದೇನೆ. ಮಾಣಿಕರಾವ್ ತಮ್ಮ ಭಾವಮೈದುನನನ್ನು ನನ್ನ ಬದಲಿಗೆ ಕಳಿಸಿದರು. ಆತ ಒಂದು ಕೈಯಲ್ಲಿ ಮೊಬೈಲು ನೋಡುತ್ತಲೇ ಇನ್ನೊಂದು ಕೈ ಚಾಚಿದ. ಬೇಡಪ್ಪಾ ಎಂದೆ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು, ಬೆರಳು ಜೋಮು ಹಿಡಿದಿತ್ತು. ಮಾಣಿಕರಾವರ ಮಗಳ ಮದುವೆ ನನ್ನ ಹೆಬ್ಬೆರಳಿನ ಮೇಲೆ ನಿಂತಿದೆ ಎಂದು ನಿಜಕ್ಕೂ ಹೆದರಿದ್ದೆ. ಪೂರ್ಣಾಹುತಿ ಮುಗಿದು, ಕಳಸ ಕದಲಿಸಿ, ಕಾಕಾ ಬೀಗದ ಕೈ ಕೊಟ್ಟು ಪ್ಯಾನೆಲ್ ಬಂದ್ ಆದಾಗ ನನ್ನ ಕಣ್ಣಲ್ಲಿ ನೀರು. ಎಲ್ಲರೂ ಹೊಗೆಯ ನೀರೆಂದುಕೊಂಡರು.

ಮರುವಾರ ನಕ್ಷೆ ತಿದ್ದಿಕೊಂಡು ಕಮಲಾಪುರಕ್ಕೆ ಹೋದೆ. ವೇದಿಕೆಗೂ ಶಾಖದ ಡಿಟೆಕ್ಟರ್ ಹಾಕೋಣ, ಎರಡು ದಿನದ ಕೆಲಸ ಎಂದೆ. ಮಾಣಿಕರಾವ್ ಹೊಸ ಬಣ್ಣದ ಛಾವಣಿ ನೋಡಿದರು, ನನ್ನನ್ನು ನೋಡಿದರು.

"ಮದಿವಿ ಮುಂದಿಟ್ಕೊಂಡು ಮತ್ತ ಏಣಿ ಹಚ್ಚೂದು ಯಾಕ್ರೀ ಸಾಹೇಬ್ರ? ಮದಿವಿ ಮುಗಿದ ಮ್ಯಾಲ ಹಾಕೂಣಂತ. ಅಲ್ಲೀತನಕ ನೀವು ಅದೀರಲ್ಲ!"

ಮೊನ್ನೆ ಮನೆತನಕ ಬಂದು ಅಕ್ಷತೆ ಕೊಟ್ಟು ಸಕುಟುಂಬ ಆಹ್ವಾನಿಸಿ ಹೋಗಿದ್ದಾರೆ. ಜನ ತುಂಬಿದ ದಿನ ಪ್ಯಾನೆಲ್ ಬಂದ್ ಇಡಲು ನನ್ನ ಕಸುಬು ಬಿಡದು. ಹೆಂಡತಿ ಯಾವ ಸೀರೆ ಉಡಲಿ ಎಂದು ಯೋಚಿಸುತ್ತಿದ್ದಾಳೆ. ನಾನು, ಈ ಸಲ ಬಟನ್ ಯಾವ ಕೈಯಲ್ಲಿ ಒತ್ತಲಿ ಎಂದು.